"ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಬಿಡ್ಲಾ ಸಾರ್?": ಹೂಂ ಅನ್ನುವ ಮುಂಚೆ ಮಾಡಬೇಕಾದ ಲೆಕ್ಕ

ಟಿವಿ ಆರಿಸಿ ಆಗಿದೆ. ಚೌಕಾಸಿ ಮುಗಿದಿದೆ. ಮಕ್ಕಳು ಮನೆಗೆ ಹೋಗೋಣ ಅಂತ ಕೈ ಜಗ್ಗುತ್ತಿದ್ದಾರೆ. ಕೌಂಟರ್‌ನಲ್ಲಿ ಬಿಲ್ ಹಾಕುವ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳುತ್ತಾನೆ: "ಎರಡು ವರ್ಷ ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಬಿಡ್ಲಾ ಸಾರ್? ಬರೀ ನಾಲ್ಕು ಸಾವಿರ." ನೀವು ಹೆಂಡತಿಯ ಮುಖ ನೋಡುತ್ತೀರಿ, ಅವರು ನಿಮ್ಮ ಮುಖ ನೋಡುತ್ತಾರೆ. ಅಷ್ಟು ಕೊಟ್ಟಾಯ್ತು, ಇದೇನು ಮಹಾ ಅನ್ನಿಸುತ್ತದೆ. ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಕಮ್ಮಿ ಮಾಡಿಸುವ ನಾವೇ ಅಲ್ಲಿ ಎರಡೇ ಸೆಕೆಂಡಿನಲ್ಲಿ ನಾಲ್ಕು ಸಾವಿರಕ್ಕೆ ಹೂಂ ಅಂದು ಬರುತ್ತೇವೆ.

ಕಂಪನಿಯ ವಾರಂಟಿ ಮುಗಿದ ಮೇಲಿನ ವರ್ಷಗಳ ರಿಪೇರಿಗೆ ಬೇರೆ ದುಡ್ಡು ಕೊಟ್ಟು ಕೊಳ್ಳುವ ಪ್ಲಾನ್ ಇದು. ನಾನೂ ಹಾಗೆ ಹೂಂ ಅಂದವನೇ. ಒಮ್ಮೆ ಕೈ ಸುಟ್ಟುಕೊಂಡ ಮೇಲೆ ಪ್ಲಾನಿನ ಕಾಗದಗಳನ್ನು ಕೂತು ಓದಲು ಶುರು ಮಾಡಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯ ಹೆಚ್ಚಿನ ಸಾಮಾನಿಗೆ ಇದು ಬೇಡ. ಒಂದೆರಡಕ್ಕೆ ಬೇಕು. ಯಾವುದಕ್ಕೆ ಬೇಕು ಅನ್ನುವುದು ನಿಮ್ಮ ಮನೆ ಎಲ್ಲಿದೆ, ಆ ಸಾಮಾನಿನಲ್ಲಿ ದುಬಾರಿ ಭಾಗ ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ಹೆಜ್ಜೆ 1: ಕೌಂಟರ್‌ನಲ್ಲಿ ತೀರ್ಮಾನ ಮಾಡಬೇಡಿ

ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. "ಇವತ್ತು ಬೇಡ. ಆಮೇಲೆ ಎಷ್ಟು ದಿನದೊಳಗೆ ತಗೋಬಹುದು?"

"ಇವತ್ತೇ ತಗೋಬೇಕು ಸಾರ್, ಆಮೇಲೆ ಸಿಗಲ್ಲ" ಅನ್ನುತ್ತಾರೆ. ಅಂಗಡಿಯ ಸ್ವಂತ ಪ್ಲಾನ್ ಆದರೆ ಅದು ನಿಜವೂ ಇರಬಹುದು. ಆದರೆ ಟಿವಿ, ಫ್ರಿಜ್ ಮಾಡುವ ಹಲವು ಕಂಪನಿಗಳು ತಮ್ಮದೇ ಪ್ಲಾನನ್ನು ಮೊದಲ ವರ್ಷದ ವಾರಂಟಿ ಮುಗಿಯುವ ತನಕ ಮಾರುತ್ತವೆ. ಮನೆಗೆ ಬಂದು ಕಂಪನಿಯ ಕಸ್ಟಮರ್ ಕೇರ್‌ಗೆ ಒಂದು ಫೋನ್ ಮಾಡಿ ಕೇಳಿ. ಹಾಗೆ ಸಿಗುತ್ತದೆ ಅಂತಾದರೆ ನಿಮ್ಮ ಕೈಯಲ್ಲಿ ಹತ್ತು ತಿಂಗಳು ಟೈಮ್ ಇದೆ. ಅಷ್ಟರಲ್ಲಿ ಸಾಮಾನಿನ ಗುಣವೂ ಗೊತ್ತಾಗಿರುತ್ತದೆ.

ಅವತ್ತೇ ತೆಗೆದುಕೊಳ್ಳುವ ಮನಸ್ಸಿದ್ದರೂ ಹೇಳಿದ ಬೆಲೆಗೆ ಒಪ್ಪಬೇಡಿ. ಈ ಪ್ಲಾನುಗಳ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಹೇಳಿದ ಬೆಲೆಯಲ್ಲಿ ಅದು ಸೇರಿದೆಯಾ ಕೇಳಿ. ಒಮ್ಮೆ ನಾನು "ವಾರಂಟಿ ಬೇಡ, ಅದರ ಬದಲು ಸ್ಟೆಬಿಲೈಸರ್ ಮೇಲೆ ಏನಾದರೂ ಬಿಡಿ" ಅಂದೆ. ಒಳಗೆ ಹೋಗಿ ಮ್ಯಾನೇಜರ್‌ನ ಕೇಳಿಕೊಂಡು ಬಂದು ಬಿಟ್ಟರು.

ಇಎಂಐನಲ್ಲಿ ತೆಗೆದುಕೊಳ್ಳುವವರು ಇನ್ನೂ ಹುಷಾರು. ವಾರಂಟಿ ದುಡ್ಡು ಸದ್ದಿಲ್ಲದೆ ಸಾಲದ ಮೊತ್ತದೊಳಗೆ ಸೇರಿರುವುದುಂಟು. ಸಹಿ ಹಾಕುವ ಮುಂಚೆ ಸಾಮಾನಿನ ಬೆಲೆಗೂ ಸಾಲದ ಮೊತ್ತಕ್ಕೂ ತಾಳೆ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ದುಡ್ಡು ಕಟ್ಟುವ ಪುಟದಲ್ಲಿ ಟಿಕ್ ಮೊದಲೇ ಬಿದ್ದಿದೆಯಾ ನೋಡಿ. ನೀವು ಕೇಳದ್ದನ್ನು ಹಾಗೆ ಬುಟ್ಟಿಗೆ ತುರುಕುವುದು ತಪ್ಪು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಆನ್‌ಲೈನ್ ಮೋಸಗಳ ಪಟ್ಟಿ ಮಾಡಿ ನಿಷೇಧಿಸಿದೆ. ಇದೂ ಅದರಲ್ಲಿದೆ.

ಹೆಜ್ಜೆ 2: ಪೆಟ್ಟಿಗೆಯೊಳಗಿನ ಕಾರ್ಡ್ ಓದಿ

ಕಂಪನಿ ಈಗಾಗಲೇ ಕೊಟ್ಟಿರುವುದು ಏನು ಅಂತ ಗೊತ್ತಿಲ್ಲದೆ ಇನ್ನೊಂದನ್ನು ಕೊಳ್ಳುವುದು ಹೇಗೆ? ಫ್ರಿಜ್ ಬಾಗಿಲ ಮೇಲೆ "10 ವರ್ಷ ವಾರಂಟಿ" ಅಂತ ದೊಡ್ಡ ಸ್ಟಿಕ್ಕರ್ ಇರುತ್ತದೆ. ಹತ್ತಿರ ಹೋಗಿ ಓದಿದರೆ ಅದು ಕಂಪ್ರೆಸರ್‌ಗೆ ಮಾತ್ರ. ವಾಷಿಂಗ್ ಮೆಷಿನ್‌ನಲ್ಲಿ ಮೋಟಾರ್‌ಗೆ ಮಾತ್ರ. ಇಡೀ ಸಾಮಾನಿಗೆ ಸಾಮಾನ್ಯವಾಗಿ ಒಂದು ವರ್ಷ, ಕೆಲವಕ್ಕೆ ಎರಡು.

ಹತ್ತು ವರ್ಷದ ವಾರಂಟಿ ಕೊಡುವುದು ಸುಲಭಕ್ಕೆ ಕೆಡದ ಭಾಗಕ್ಕೆ. ವಾಷಿಂಗ್ ಮೆಷಿನ್ ರಿಪೇರಿ ಮಾಡುವವರನ್ನು ಕೇಳಿ ನೋಡಿ. ಅವರ ಬಾಯಲ್ಲಿ ಬರುವುದು ಬೋರ್ಡ್ (ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಹಲಗೆ), ನೀರು ಹೊರಹಾಕುವ ಪಂಪ್, ನೀರು ಬಿಡುವ ವಾಲ್ವ್, ಬಾಗಿಲ ರಬ್ಬರ್. ಹಾಗಂತ ಕಾರ್ಡನ್ನು ಬದಿಗಿಡಬೇಡಿ. ಎಷ್ಟೋ ಏಸಿಗಳಿಗೆ ಈಗ ಬೋರ್ಡ್‌ಗೇ ಐದು ವರ್ಷ ಕೊಡುತ್ತಾರೆ. ಬೋರ್ಡ್, ಕಂಪ್ರೆಸರ್ ಎರಡಕ್ಕೂ ಕಂಪನಿಯೇ ನಿಂತಿದ್ದರೆ ಮೇಲಿನ ಪ್ಲಾನಿಗೆ ಉಳಿಯುವುದು ಫ್ಯಾನ್ ಮೋಟಾರ್, ಸೆನ್ಸರ್, ಗ್ಯಾಸ್. ಅಷ್ಟಕ್ಕೆ ನಾಲ್ಕು ಸಾವಿರ ಜಾಸ್ತಿ ಅಲ್ವಾ?

ಇನ್ನೊಂದು ಸಣ್ಣ ಕೈಚಳಕ. "ಮೂರು ವರ್ಷ ವಾರಂಟಿ" ಅಂತ ಮಾರುವುದರಲ್ಲಿ ಮೊದಲ ವರ್ಷ ಕಂಪನಿಯದ್ದೇ ಇರುತ್ತದೆ. ನೀವು ದುಡ್ಡು ಕೊಡುತ್ತಿರುವುದು ಎರಡು ವರ್ಷಕ್ಕೆ. ಸಾಮಾನು ಹುಟ್ಟಾ ಸರಿಯಿಲ್ಲದಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಗೊತ್ತಾಗುತ್ತದೆ. ಸವೆದು ಕೆಡುವುದು ಆರೇಳು ವರ್ಷದ ಮೇಲೆ. ನಡುವಿನ ಎರಡು ಮೂರನೇ ವರ್ಷ ಅದು ಚೆನ್ನಾಗಿ ಓಡುವ ಕಾಲ. ನಿಮಗೆ ಮಾರುವುದು ಆ ಕಾಲದ ವಾರಂಟಿಯನ್ನೇ.

ಹೆಜ್ಜೆ 3: ಕೊಡುತ್ತಿರುವವರು ಯಾರು?

ಸಾಮಾನು ಮಾಡಿದ ಕಂಪನಿಯಾ, ಅಂಗಡಿಯಾ, ಇವರಿಬ್ಬರೂ ಅಲ್ಲದ ಮೂರನೆಯವರಾ? ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರಿರುತ್ತದೆ. ಕಂಪನಿಯದ್ದೇ ಆದರೆ ಅವರ ಮೆಕ್ಯಾನಿಕ್, ಅವರ ಪಾರ್ಟು. ಮೂರನೆಯವರಾದರೆ ಮೊದಲು ಅವರಿಗೆ ಫೋನ್, ಅವರು ಗೊತ್ತುಮಾಡಿದವರು ಬಂದು ನೋಡಬೇಕು, ಅಂದಾಜು ಕಳಿಸಬೇಕು, ಅದಕ್ಕೆ ಒಪ್ಪಿಗೆ ಬರಬೇಕು. ಫ್ರಿಜ್ ಕೆಟ್ಟಾಗ ಈ ದಾರಿ ತುಂಬಾ ಉದ್ದ. ಎರಡರ ಬೆಲೆ ಹೆಚ್ಚುಕಮ್ಮಿ ಒಂದೇ ಇದ್ದರೆ ನಾನು ಕಣ್ಣುಮುಚ್ಚಿ ಕಂಪನಿಯದ್ದನ್ನೇ ಆರಿಸುತ್ತೇನೆ.

ಹೆಜ್ಜೆ 4: "ಇದು ಬರಲ್ಲ" ಅನ್ನುವ ಪಟ್ಟಿ

ಕಾಗದದಲ್ಲಿ ಎರಡು ಪಟ್ಟಿ ಇರುತ್ತದೆ. ಏನು ಬರುತ್ತದೆ, ಏನು ಬರುವುದಿಲ್ಲ. ಮೊದಲನೆಯದನ್ನು ಅಂಗಡಿಯವರೇ ಓದಿ ಹೇಳುತ್ತಾರೆ. ಎರಡನೆಯದನ್ನು ನೀವೇ ಓದಬೇಕು.

ನಾನು ಕೈ ಸುಟ್ಟುಕೊಂಡದ್ದು ಇಲ್ಲೇ. ಬೆಂಗಳೂರಿನ ಮನೆಗೆ 28,000 ರೂಪಾಯಿಯ ವಾಷಿಂಗ್ ಮೆಷಿನ್ ತಂದಿದ್ದೆ. ಮೇಲೆ 3,200 ಕೊಟ್ಟು ಎರಡು ವರ್ಷದ ಪ್ಲಾನ್. ಮೂರನೇ ವರ್ಷದ ಒಂದು ಬೆಳಗ್ಗೆ ಬಟನ್ ಒತ್ತಿದರೆ ಲೈಟೇ ಬರಲಿಲ್ಲ. ನನಗೆ ಒಳಗೊಳಗೇ ಖುಷಿ, ಕೊಟ್ಟ ದುಡ್ಡು ಕೆಲಸಕ್ಕೆ ಬಂತು ಅಂತ. ನಾಲ್ಕನೇ ದಿನ ಮೆಕ್ಯಾನಿಕ್ ಬಂದ. ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಮೊಬೈಲ್ ಟಾರ್ಚ್ ಬಿಟ್ಟು, "ಇಲ್ನೋಡಿ ಸಾರ್" ಅಂದ. ಬೋರ್ಡ್ ಮೇಲೆ ಒಣಗಿದ ಹಲ್ಲಿ. ಎರಡು ತುದಿ ಸೇರಿಸಿಕೊಂಡು ಸತ್ತುಬಿದ್ದಿತ್ತು. ಅವನು ಅದರ ಫೋಟೊ ತೆಗೆದ, ಎಲ್ಲಿಗೋ ಕಳಿಸಿದ. ಹತ್ತು ನಿಮಿಷದಲ್ಲಿ ಉತ್ತರ ಬಂತು. "ಹಲ್ಲಿ, ಇಲಿ, ಜಿರಳೆಯಿಂದ ಆದದ್ದು ಪ್ಲಾನ್‌ನಲ್ಲಿ ಬರಲ್ಲ ಸಾರ್." ಹೊಸ ಬೋರ್ಡ್‌ಗೆ 5,500 ಕೊಟ್ಟೆ. ಆಮೇಲೆ ಕಾಗದ ಹುಡುಕಿ ತೆಗೆದು ನೋಡಿದೆ. ಏಳನೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ದಾರಿ ಇರಲಿಲ್ಲ.

ನಿಮ್ಮ ಕಾಗದದಲ್ಲಿ ಈ ಸಾಲುಗಳಿವೆಯಾ ನೋಡಿ:

- ವೋಲ್ಟೇಜ್ ಏರಿಳಿತ, ಸಿಡಿಲು, ನೀರು ನುಗ್ಗುವುದು. ನಮ್ಮ ಕಡೆ ಸಾಮಾನು ಕೆಡುವುದು ಹೆಚ್ಚಾಗಿ ಇವುಗಳಿಂದಲೇ.
- ತುಕ್ಕು. ಮಂಗಳೂರು, ಉಡುಪಿ, ಕಾರವಾರದವರಿಗೆ ಇದು ಮುಖ್ಯ. ಉಪ್ಪುಗಾಳಿಗೆ ಏಸಿಯ ಹೊರಗಿನ ಯೂನಿಟ್ ಕೊಳವೆ ತಿಂದುಹೋಗಿ ಗ್ಯಾಸ್ ಸೋರುತ್ತದೆ. ತುಕ್ಕು ಬರಲ್ಲ ಅಂತಿದ್ದರೆ ಆ ಸೋರಿಕೆಯೂ ಬರಲ್ಲ.
- ಪ್ಲಾಸ್ಟಿಕ್, ರಬ್ಬರ್, ಗಾಜು, ರಿಮೋಟ್, ಬ್ಯಾಟರಿ.
- ವ್ಯಾಪಾರದ ಬಳಕೆ. ಮನೆ ಹೆಸರಲ್ಲಿ ಬಿಲ್ ಮಾಡಿಸಿ ಪಿಜಿಯಲ್ಲೋ ಬೇಕರಿಯಲ್ಲೋ ಇಟ್ಟರೆ ಕ್ಲೇಮ್ ಸಿಗುವುದಿಲ್ಲ.
- ಹೊರಗಿನ ಮೆಕ್ಯಾನಿಕ್ ಒಮ್ಮೆ ಬಿಚ್ಚಿದರೂ ಪ್ಲಾನ್ ರದ್ದು.

ಇವೆಲ್ಲಕ್ಕಿಂತ ನನಗೆ ಕೋಪ ಬರಿಸುವುದು ವರ್ಷ ಕಳೆದಂತೆ ಸಾಮಾನಿನ ಬೆಲೆ ಕಳೆಯುವ ಸಾಲು. ಸಾಮಾನು ರಿಪೇರಿ ಆಗದಿದ್ದರೆ ಹೊಸದು ಕೊಡುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಕಾಗದದಲ್ಲಿ ಮಾತ್ರ ಎರಡನೇ ವರ್ಷ ಇಷ್ಟು, ಮೂರನೇ ವರ್ಷ ಇಷ್ಟು ಅಂತ ಬೆಲೆ ಕಳೆಯುತ್ತಾ ಹೋಗಿರುತ್ತಾರೆ. 40,000ದ ಟಿವಿಗೆ ಮೂರನೇ ವರ್ಷ ಅರ್ಧ ಬೆಲೆ ಅಂತ ಇಟ್ಟಿದ್ದರೆ ಕೈಗೆ ಬರುವುದು 20,000. ಅದೂ ಎಷ್ಟೋ ಸಲ ನಗದಲ್ಲ, ಅದೇ ಅಂಗಡಿಯ ವೋಚರ್.

ಹೆಜ್ಜೆ 5: ಪೆನ್ನು ಹಿಡಿದು ಒಂದು ಭಾಗಾಕಾರ

ಪ್ಲಾನಿನ ಬೆಲೆಯನ್ನು ಆ ಸಾಮಾನಿನ ಅತಿ ದೊಡ್ಡ ರಿಪೇರಿಯ ಖರ್ಚಿನಿಂದ ಭಾಗಿಸಿ. ಖರ್ಚು ಗೊತ್ತಿಲ್ಲದಿದ್ದರೆ ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿ, ಮಾಡೆಲ್ ನಂಬರ್ ಹೇಳಿ, "ಬೋರ್ಡ್ ಎಷ್ಟಾಗುತ್ತೆ, ಲೇಬರ್ ಎಷ್ಟು?" ಅಂತ ಕೇಳಿ. ಹೇಳುತ್ತಾರೆ.

ನನ್ನ ವಾಷಿಂಗ್ ಮೆಷಿನ್ ಲೆಕ್ಕ: 3,200 ಭಾಗ 5,500. ಸುಮಾರು 0.58. ಅಂದರೆ ಈ ಪ್ಲಾನ್ ಕೊಂಡ ನೂರು ಮನೆಗಳಲ್ಲಿ ಐವತ್ತೆಂಟು ಮನೆಯ ಬೋರ್ಡ್ ಆ ಎರಡೇ ವರ್ಷದಲ್ಲಿ ಸುಡಬೇಕು. ಆಗ ಮಾತ್ರ ಕೊಟ್ಟದ್ದಕ್ಕೂ ಬಂದದ್ದಕ್ಕೂ ಸರಿಹೋಗುತ್ತದೆ. ಅಷ್ಟು ಬೋರ್ಡ್ ಸುಡುವ ಮೆಷಿನ್ ಆದರೆ ವಾರಂಟಿ ಹಾಗಿರಲಿ, ಮೆಷಿನ್ನೇ ಕೊಳ್ಳಬಾರದು.

ಈಗ ದೊಡ್ಡ ಟಿವಿ ನೋಡಿ. ಬೆಲೆ 75,000, ಎರಡು ವರ್ಷದ ಪ್ಲಾನ್ 6,000, ಪ್ಯಾನೆಲ್, ಅಂದರೆ ಪರದೆಯೇ ಹೋದರೆ 45,000 ಅಂತ ಇಟ್ಟುಕೊಳ್ಳಿ. 6,000 ಭಾಗ 45,000 ಅಂದರೆ 0.13. ನೂರರಲ್ಲಿ ಹದಿಮೂರು. ಇದೂ ಕಮ್ಮಿಯೇನಲ್ಲ, ಆದರೆ ಒಂದೇ ಏಟಿಗೆ 45,000 ತೆಗೆದುಕೊಡುವುದು ಎಲ್ಲರ ಮನೆಯಲ್ಲೂ ಆಗುವ ಮಾತಲ್ಲ. ವಾಷಿಂಗ್ ಮೆಷಿನ್ನಿನ ದುಡ್ಡು ಹತ್ತು ಸಣ್ಣ ಭಾಗಗಳಲ್ಲಿ ಹಂಚಿಹೋಗಿದೆ. ಟಿವಿಯ ದುಡ್ಡು ಬಹುಪಾಲು ಪ್ಯಾನೆಲ್‌ನಲ್ಲೇ ಕೂತಿದೆ.

ನನ್ನ ಅಂದಾಜು ಗೆರೆ ಹೀಗಿದೆ. ಉತ್ತರ 0.3 ದಾಟಿದರೆ ಯೋಚನೆಯೇ ಬೇಡ. 0.15ಕ್ಕಿಂತ ಕೆಳಗೆ ಬಂದು, ಕೆಟ್ಟರೆ ತಕ್ಷಣ ಕೊಡಲು ಕೈಯಲ್ಲಿ ಅಷ್ಟು ದುಡ್ಡು ಇರುವುದಿಲ್ಲ ಅನ್ನಿಸಿದರೆ ತೆಗೆದುಕೊಳ್ಳಿ. ನಡುವೆ ಬಂದರೆ ಮುಂದಿನ ಹೆಜ್ಜೆ ನೋಡಿ.

ಹೆಜ್ಜೆ 6: ಸಾಮಾನು ಯಾವುದು, ಮನೆ ಎಲ್ಲಿ

ಮಿಕ್ಸಿ, ಇಂಡಕ್ಷನ್ ಒಲೆ, ಮೈಕ್ರೋವೇವ್, ಸಣ್ಣ ಟಿವಿ: ಬೇಡ. ಬೀದಿ ಕೊನೆಯ ರಿಪೇರಿ ಅಂಗಡಿ ಸಾಕು.

ಗೀಸರ್: ಬೇಡ. ಟ್ಯಾಂಕಿಗೆ ಕಂಪನಿಯೇ ಐದೋ ಏಳೋ ವರ್ಷ ಕೊಟ್ಟಿರುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಹೋಗುವುದು ಕಾಯಿಲ್, ಅದರ ಬೆಲೆ ಕಮ್ಮಿ.

ಫ್ರಿಜ್: ಒಂದೇ ಬಾಗಿಲಿನದ್ದಕ್ಕೆ ಬೇಡ. ಎರಡು ಪಕ್ಕದ ಬಾಗಿಲಿನ ದುಬಾರಿ ಫ್ರಿಜ್ ಆದರೆ ಭಾಗಾಕಾರ ಮಾಡಿ ನೋಡಿ.

ನೀರಿನ ಆರ್‌ಒ: ಎಕ್ಸ್‌ಟೆಂಡೆಡ್ ವಾರಂಟಿ ಬೇಡ, ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ನೋಡಿ. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ವಾರಂಟಿ ಕೆಟ್ಟರೆ ಮಾತ್ರ. ಎಎಂಸಿಯಲ್ಲಿ ವರ್ಷಕ್ಕೆ ಇಷ್ಟು ಸಲ ಬಂದು ಸರ್ವೀಸ್ ಮಾಡಬೇಕು. ಆರ್‌ಒದಲ್ಲಿ ಫಿಲ್ಟರ್ ಹೇಗಿದ್ದರೂ ಬದಲಿಸಲೇಬೇಕು. ಮೆಂಬ್ರೇನ್ ಸೇರಿದೆಯಾ ಅಂತ ಕೇಳುವುದು ಮರೆಯಬೇಡಿ, ದುಬಾರಿ ಅದೇ.

ಮೊಬೈಲ್: ಮೊಬೈಲ್ ಹಾಳಾಗುವುದು ಹೆಚ್ಚಾಗಿ ಕೈ ಜಾರಿ ಬಿದ್ದು. ಬರೀ ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ ಒಡೆದ ಸ್ಕ್ರೀನ್ ಬರುವುದಿಲ್ಲ, ಅದಕ್ಕೆ ಬೇರೆ ಪ್ಲಾನ್. ಮನೆಯಲ್ಲಿ ಎರಡು ವರ್ಷದ ಮಗು ಇದ್ದರೆ ಅದನ್ನು ಯೋಚಿಸಿ.

ದೊಡ್ಡ ಟಿವಿ: ಕಂಪನಿಯದ್ದೇ ಪ್ಲಾನ್ ಆಗಿದ್ದು, ಪ್ಯಾನೆಲ್ ಬರುತ್ತದೆ ಅಂತ ಬರೆದಿದ್ದರೆ ಹಾಕಿಸಿ. ಸಾಗರದಲ್ಲಿರುವ ನಮ್ಮ ಭಾವ 65 ಇಂಚಿನದ್ದಕ್ಕೆ ಹಾಕಿಸಿದ್ದರು. ಮೂರನೇ ವರ್ಷ ಪರದೆ ನಡುವೆ ಮೇಲಿಂದ ಕೆಳಕ್ಕೆ ಒಂದು ಹಸಿರು ಗೆರೆ ಬಂತು. ಮೂರು ವಾರ ಕಾಯಿಸಿದರು, ಆದರೆ ಪ್ಯಾನೆಲ್ ಬದಲಿಸಿಕೊಟ್ಟರು. ಆಮೇಲೆ ಭಾವ ನನ್ನ ಹಲ್ಲಿ ಕಥೆಯನ್ನು ಎಲ್ಲ ಮದುವೆ ಮನೆಯಲ್ಲೂ ಹೇಳುತ್ತಾರೆ.

ಊರಿನ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ಬೋರ್ಡ್ ಸುಟ್ಟರೆ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್‌ಪಿ ರೋಡ್ ಇದೆ, ಗಲ್ಲಿಗೊಬ್ಬ ಮೆಕ್ಯಾನಿಕ್ ಇದ್ದಾನೆ. ಮಲೆನಾಡಿನ ಒಳಗಿನ ಊರಿಗೆ ಕಂಪನಿಯ ಮೆಕ್ಯಾನಿಕ್ ಬರಬೇಕಾದರೆ ನಾಲ್ಕು ಸಾಮಾನು ಒಂದೇ ದಾರಿಯಲ್ಲಿ ಕೆಡುವ ತನಕ ಕಾಯಿಸುತ್ತಾರೆ. ಹಾಗಾಗಿ ಪ್ಲಾನ್ ಕೊಳ್ಳುವ ಮುಂಚೆ ನಿಮ್ಮ ಪಿನ್‌ಕೋಡ್ ಹೇಳಿ ಮೂರು ಪ್ರಶ್ನೆ ಕೇಳಿ. ಮನೆಗೇ ಬರುತ್ತೀರಾ? ಎಷ್ಟು ದಿನದಲ್ಲಿ? ದೂರಕ್ಕೆ ಬೇರೆ ಚಾರ್ಜ್ ಇದೆಯಾ? "ನೀವೇ ಸೆಂಟರ್‌ಗೆ ತಂದುಕೊಡಬೇಕು" ಅಂದರೆ ಫ್ರಿಜ್ಜನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋಗುವ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಅಪ್ಪ ಅಮ್ಮ ಇಬ್ಬರೇ ಊರಲ್ಲಿದ್ದು, ಮೆಕ್ಯಾನಿಕ್ ಹುಡುಕುವುದು ಅವರಿಗೆ ಕಷ್ಟ ಅಂತಾದರೆ ಮನೆಗೆ ಬರುವ ಪ್ಲಾನ್‌ಗೆ ಸ್ವಲ್ಪ ಜಾಸ್ತಿ ಕೊಡುವುದರಲ್ಲಿ ತಪ್ಪಿಲ್ಲ. ಅಲ್ಲಿ ನಾವು ಕೊಳ್ಳುತ್ತಿರುವುದು ಅವರ ನೆಮ್ಮದಿಯನ್ನು.

ಹೆಜ್ಜೆ 7: ಬೇಡ ಅಂದರೆ ಆ ದುಡ್ಡು ಏನು ಮಾಡಬೇಕು

ಅಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದರಲ್ಲ, ಅದೇ ಉಪಾಯ. ಬೇಡ ಅಂದ ಪ್ಲಾನಿನ ಮೊತ್ತವನ್ನು ಅವತ್ತೇ ಬೇರೆ ಅಕೌಂಟಿಗೆ ಹಾಕಿ. ಅವತ್ತೇ ಹಾಕದಿದ್ದರೆ ಅದು ಹೋಟೆಲಿಗೋ ಪೆಟ್ರೋಲಿಗೋ ಹೋಗುತ್ತದೆ. ಹಲ್ಲಿ ಪ್ರಸಂಗದ ಮೇಲೆ ನಾನು ಫ್ರಿಜ್‌ನದ್ದು 3,500, ಏಸಿಯದ್ದು 4,000, ಮೈಕ್ರೋವೇವ್‌ನದ್ದು 1,500 ಹೀಗೆ 9,000 ಹಾಕಿಟ್ಟೆ. ಈ ತನಕ ಅದರಿಂದ ತೆಗೆದದ್ದು ಏಸಿ ಗ್ಯಾಸ್‌ಗೆ 3,500, ಮೈಕ್ರೋವೇವ್ ತಟ್ಟೆ ತಿರುಗಿಸುವ ಮೋಟಾರ್‌ಗೆ 600. ಉಳಿದ 4,900 ಅಲ್ಲೇ ಇದೆ. ಹಲ್ಲಿ ಬಿದ್ದರೂ ಈ ದುಡ್ಡು ಬರಲ್ಲ ಅನ್ನುವುದಿಲ್ಲ.

ಒಂದಿಷ್ಟನ್ನು ಸಾಮಾನು ಕೆಡದಂತೆ ನೋಡಿಕೊಳ್ಳಲು ಖರ್ಚು ಮಾಡಿ. ಮೊದಲು ಮನೆಯ ಅರ್ತಿಂಗ್ ಸರಿಯಿದೆಯಾ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕರೆಂಟ್ ಏರಿಳಿಯುವ ಊರಾದರೆ ಸ್ಟೆಬಿಲೈಸರ್ ಹಾಕಿ. ಹೊಸ ಇನ್ವರ್ಟರ್ ಫ್ರಿಜ್, ಏಸಿಗಳಲ್ಲಿ ಎಷ್ಟು ವೋಲ್ಟ್‌ನಿಂದ ಎಷ್ಟರ ತನಕ ಸ್ಟೆಬಿಲೈಸರ್ ಬೇಡ ಅಂತ ಬರೆದಿರುತ್ತದೆ, ಅದನ್ನು ನೋಡಿಕೊಂಡು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಟಿವಿಯ ಪ್ಲಗ್ ಕೀಳುವವರು ಡಿಶ್ ಕೇಬಲ್ ಕೀಳಲು ಮರೆಯುತ್ತಾರೆ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ವಾಷಿಂಗ್ ಮೆಷಿನ್ ಅಡಿಗೆ ಇಲಿ ನುಗ್ಗದ ಹಾಗೆ ಜಾಲರಿ ಹಾಕಿಸಿ. ಈಗ ನಮ್ಮ ಮನೆಯಲ್ಲಿದೆ, ತಡವಾಗಿಯಾದರೂ.

ಹೆಜ್ಜೆ 8: ಕೊಂಡಿದ್ದರೆ ಕಾಗದ ಜೋಪಾನ

ಅಂಗಡಿಯ ನುಣುಪು ಕಾಗದದ ಬಿಲ್ ಒಂದು ವರ್ಷದಲ್ಲಿ ಬಿಳಿ ಹಾಳೆಯಾಗುತ್ತದೆ. ಅವತ್ತೇ ಫೋಟೊ ತೆಗೆದು, ಸಾಮಾನಿನ ಹಿಂದಿನ ಸೀರಿಯಲ್ ನಂಬರ್ ಫೋಟೊ ಜೊತೆ ನಿಮಗೇ ಮೇಲ್ ಮಾಡಿಕೊಳ್ಳಿ. ಬಿಲ್ಲಿನ ಸೀರಿಯಲ್ ನಂಬರಿಗೂ ಸಾಮಾನಿನದ್ದಕ್ಕೂ ತಾಳೆ ಇದೆಯಾ ನೋಡಿ. ಪ್ಲಾನಿನ ಸರ್ಟಿಫಿಕೇಟ್ ಮೇಲ್‌ಗೆ ಬಂತಾ ಅಂತ ವಾರದೊಳಗೆ ಖಚಿತ ಮಾಡಿಕೊಳ್ಳಿ. ದುಡ್ಡು ಕೊಟ್ಟೂ ಪ್ಲಾನ್ ಆಕ್ಟಿವೇಟ್ ಆಗದೆ ಉಳಿಯುವುದುಂಟು.

ಕ್ಲೇಮ್ ಕೊಡಲ್ಲ ಅಂದರೆ ಬಾಯಿಮಾತಿಗೆ ಒಪ್ಪಬೇಡಿ. ಯಾವ ಸಾಲಿನ ಪ್ರಕಾರ ಅಂತ ಬರೆದುಕೊಡಲು ಹೇಳಿ. ಮೆಕ್ಯಾನಿಕ್‌ನ ಜಾಬ್ ಶೀಟ್ ಇಸಿದುಕೊಳ್ಳಿ. ಕಾರಣ ಸರಿಯಿಲ್ಲ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಹೇಳಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿ ಎಲ್ಲೇ ಇರಲಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀಸ್ ಇಲ್ಲ. ವಕೀಲರೂ ಕಡ್ಡಾಯವಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು.

ಹೆಜ್ಜೆ 9: ಹನ್ನೊಂದನೇ ತಿಂಗಳ ಪರೀಕ್ಷೆ

ಇದು ಪ್ಲಾನ್ ಕೊಂಡವರಿಗೂ, ಬೇಡ ಅಂದವರಿಗೂ. ಸಾಮಾನು ಮನೆಗೆ ಬಂದ ದಿನವೇ ಮೊಬೈಲ್‌ನಲ್ಲಿ ಹನ್ನೊಂದು ತಿಂಗಳ ಮುಂದಿನ ಒಂದು ಭಾನುವಾರಕ್ಕೆ ರಿಮೈಂಡರ್ ಹಾಕಿ. ಅವತ್ತು ಎಲ್ಲವನ್ನೂ ಒಮ್ಮೆ ಪರೀಕ್ಷೆ ಮಾಡಿ. ಕಂಪನಿಯ ಫ್ರೀ ವಾರಂಟಿಗೆ ಇನ್ನೂ ಒಂದು ತಿಂಗಳಿರುತ್ತದೆ.

ಟಿವಿಗೆ ರಾತ್ರಿ ಲೈಟ್ ಆರಿಸಿ ಪರದೆ ಪೂರ್ತಿ ಬಿಳಿ ಬರುವ ಚಿತ್ರ ಹಾಕಿ. ಮೂಲೆಯಲ್ಲಿ ಕಪ್ಪು ಛಾಯೆ, ಗೆರೆ, ಚುಕ್ಕಿ ಇದ್ದರೆ ಆಗ ಕಾಣುತ್ತದೆ. ವಾಷಿಂಗ್ ಮೆಷಿನ್‌ಗೆ ಬಿಸಿನೀರಿನ ಪ್ರೋಗ್ರಾಂ ಹಾಕಿ, ವರ್ಷವಿಡೀ ಅದನ್ನು ಮುಟ್ಟದವರೇ ಜಾಸ್ತಿ. ಫ್ರಿಜ್ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ, ಬಾಗಿಲು ಹಾಕಿ, ನೋಟು ಎಳೆಯಿರಿ. ಬಿಗಿಯಾಗಿ ಹಿಡಿದರೆ ರಬ್ಬರ್ ಚೆನ್ನಾಗಿದೆ. ನಮ್ಮ ಮನೆಯಲ್ಲಿ ಕೆಳಗಿನ ಮೂಲೆಯಲ್ಲಿ ನೋಟು ಸಲೀಸಾಗಿ ಕೈಗೆ ಬಂತು. ಆ ಕಾರ್ಡಿನಲ್ಲಿ ಮೊದಲ ವರ್ಷ ರಬ್ಬರ್ ಕೂಡ ಸೇರಿತ್ತು. ಫೋನ್ ಮಾಡಿದೆ, ವಾರಂಟಿಗೆ ಹದಿನೆಂಟು ದಿನ ಬಾಕಿ ಇತ್ತು. ಬಂದು ಹೊಸ ರಬ್ಬರ್ ಹಾಕಿ ಹೋದರು, ಒಂದು ಪೈಸೆ ಕೇಳಲಿಲ್ಲ.